ಟೇಪಿನ ಆಚೆ ತುದಿ

ತಿಪಟೂರು ಸೀಮೆಯಲ್ಲಿ ಬಾರು ತೆರೆಯಲು ಹೊರಟವನಿಗೆ ಜಾಗವಿದ್ದರೆ ಸಾಲದು, ಧೈರ್ಯವಿದ್ದರೂ ಸಾಲದು. ಮೊದಲು ವಕೀಲೆ ವನಜಾಕ್ಷಿಯ ಮುಂದೆ ಕೂತು ಅರ್ಧ ಗಂಟೆ ಬೈಸಿಕೊಳ್ಳಬೇಕು. ಅಡುಗೆಮನೆ ಎಲ್ಲಿ, ಹೆಂಗಸರ ಶೌಚಾಲಯ ಎಲ್ಲಿ, ಬಾಡಿಗೆ ಕರಾರಿಗೆ ಕಟ್ಟಡದ ಮಾಲೀಕರ ತಮ್ಮನೂ ರುಜು ಹಾಕಿದ್ದಾನೋ ಇಲ್ಲವೋ ಎಂದು ಒಂದೊಂದೇ ಕೇಳುತ್ತಾ, ಬಂದವನು ಬೆವರು ಒರೆಸಿಕೊಳ್ಳುವಂತೆ ಮಾಡುತ್ತಾಳೆ. ಬೈಗುಳ ಮುಗಿದ ಮೇಲೆ ಕಾಫಿ ತರಿಸುತ್ತಾಳೆ. ಕಾಫಿ ಬಂತೆಂದರೆ ಆಕೆ ಆ ಕೆಲಸ ಒಪ್ಪಿಕೊಂಡಳು ಎಂದು ಅರ್ಥ.

ಇಪ್ಪತ್ತೈದು ವರ್ಷದಿಂದ ಅವಳದು ಇದೇ ಕೆಲಸ. ಬಾರಿಗೆ, ಲಾಡ್ಜಿಗೆ, ಕ್ಲಬ್ಬಿಗೆ ಅಬಕಾರಿ ಇಲಾಖೆಯಿಂದ ಸನ್ನದು ಕೊಡಿಸುವುದು, ವರ್ಷಾವರ್ಷ ನವೀಕರಿಸುವುದು, ಸನ್ನದುದಾರ ತೀರಿಕೊಂಡರೆ ಹೆಂಡತಿ ಮಕ್ಕಳ ಹೆಸರಿಗೆ ಮಾಡಿಸುವುದು. ಮಾಯಸಂದ್ರದ ಕಡೆಯವನೊಬ್ಬ ಬೀಗರೂಟಕ್ಕೆ ಒಂದು ದಿನದ ಪರವಾನಗಿ ಬೇಕೆಂದು ಬಂದು, ಹೆಣ್ಣಿನ ಕಡೆಯವರಿಗೆ ಇದು ಗೊತ್ತಾಗಬಾರದು ಎಂದಿದ್ದ. ಅವನಿಗೆ ಕಾಫಿ ಸಿಗಲಿಲ್ಲ. ಕೊಬ್ಬರಿ ವರ್ತಕರ ಇಸ್ಪೀಟು ಕ್ಲಬ್ಬೊಂದು ನವೀಕರಣಕ್ಕೆ ಕೊಟ್ಟ ಸದಸ್ಯರ ಪಟ್ಟಿಯಲ್ಲಿ ಐದು ಜನ ಎಂದೋ ತೀರಿಹೋದವರಿದ್ದರು. ಅವಳು ಗದರಿದಾಗ ಕಾರ್ಯದರ್ಶಿ ತಲೆ ತಗ್ಗಿಸಿ, "ಗೊತ್ತು ಮೇಡಂ. ಹೆಸರು ಹೊಡೆಯಾಕೆ ಯಾರಿಗೂ ಮನಸ್ಸು ಬರ್ಲಿಲ್ಲ" ಎಂದ. ವನಜಾಕ್ಷಿ ಐದೂ ಹೆಸರು ತಾನೇ ಹೊಡೆದು ಹಾಕಿ, ಅವರ ಫೋಟೋ ಕಟ್ಟು ಹಾಕಿಸಿ ಇಸ್ಪೀಟಿನ ಮೇಜಿನ ಎದುರಿಗೆ ತೂಗಿಹಾಕಿ ಎಂದು ಹೇಳಿ ಕಳಿಸಿದಳು. ಈಗಲೂ ಅಲ್ಲಿ ಆ ಫೋಟೋಗಳಿವೆ.

ಈ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ತಲೆನೋವು ನೂರು ಮೀಟರಿನದು. ಶಾಲೆ, ಆಸ್ಪತ್ರೆ, ಗುಡಿ, ಮಸೀದಿಗಳಿಂದ ನೂರು ಮೀಟರಿನೊಳಗೆ ಹೊಸದಾಗಿ ಬಾರು ಬರಕೂಡದು. ಅಳೆಯುವುದು ಬಾರಿನ ಬಾಗಿಲ ನಡುವಿನಿಂದ ಶಾಲೆಯ ಗೇಟಿನ ನಡುವಿಗೆ, ಅದೂ ಕಾಗೆ ಹಾರಿದ ಹಾಗಲ್ಲ, ಜನ ನಡೆದಾಡುವ ಹತ್ತಿರದ ದಾರಿಯಲ್ಲಿ. ನಮ್ಮೂರಿನಲ್ಲೋ ತಿರುವಿಗೊಂದು ಗುಡಿ, ಗುಡಿಗೊಂದು ಅಂಗನವಾಡಿ. ಕಟ್ಟಡಕ್ಕೆ ಮುಂಗಡ ಕೊಟ್ಟು, ಬಣ್ಣ ಬಳಿದು, ಆಮೇಲೆ ಸರ್ವೆಯವರು ಬಂದು ತೊಂಬತ್ತೆಂಟು ಎಂದರೆ ಅಲ್ಲಿಗೆ ಮುಗಿಯಿತು. ಅದಕ್ಕೇ ವನಜಾಕ್ಷಿ ಅರ್ಜಿ ಬರೆಯುವ ಮೊದಲು ತಾನೇ ಹೋಗಿ ಅಳೆದು ನೋಡುತ್ತಾಳೆ. ಅವಳ ಸ್ಕೂಟರಿನ ಡಿಕ್ಕಿಯಲ್ಲಿ ಐವತ್ತು ಮೀಟರಿನ ಟೇಪು ಸದಾ ಇರುತ್ತದೆ. ಟೇಪಿನ ಈಚೆ ತುದಿ ಅವಳ ಕೈಯಲ್ಲಿ, ಆಚೆ ತುದಿ ಅವಳಪ್ಪ ಸಣ್ಣತಿಮ್ಮಯ್ಯನ ಕೈಯಲ್ಲಿ.

ಸಣ್ಣತಿಮ್ಮಯ್ಯನಿಗೆ ಈಗ ಎಪ್ಪತ್ತೊಂಬತ್ತು. ಸದಾಶಿವಯ್ಯನವರ ಬಾರಿನಲ್ಲಿ ನಲವತ್ತೊಂದು ವರ್ಷ ಸಪ್ಲೈಯರ್ ಆಗಿದ್ದವನು. ಅಷ್ಟು ವರ್ಷದಲ್ಲಿ ಒಂದು ಹನಿ ನಾಲಿಗೆಗೆ ಇಟ್ಟವನಲ್ಲ. ಅವನ ಚಟವೆಲ್ಲ ಎಲೆ ಅಡಿಕೆ. ಸುಣ್ಣದ ಡಬ್ಬಿ ಜೇಬಿನಲ್ಲಿ ಇಲ್ಲದಿದ್ದರೆ ಅಂಗಿಯನ್ನೇ ಹಾಕಿಕೊಳ್ಳದವನಂತೆ ತಡಕಾಡುತ್ತಾನೆ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೊದಲ ತಿಂಗಳೇ ಅವನ ಚಡಪಡಿಕೆ ನೋಡಲಾರದೆ ಮಗಳು, "ಬಾ, ಟೇಪು ಹಿಡಿ" ಎಂದು ಕರೆದುಕೊಂಡು ಹೋದಳು. ಹದಿನಾಲ್ಕು ವರ್ಷವಾಯಿತು. ಟೇಪಿನ ಸೊನ್ನೆ ಇಟ್ಟ ಕಡೆಯಲ್ಲೆಲ್ಲ ಅವನು ಜೇಬಿನ ಡಬ್ಬಿ ತೆಗೆದು, ಬೆರಳಲ್ಲಿ ಒಂದು ಸುಣ್ಣದ ಬೊಟ್ಟು ಇಡುತ್ತಾನೆ. ನಾಳೆ ಸರ್ವೆಯವರು ಬಂದಾಗ ಎಲ್ಲಿಂದ ಅಳೆದಿರಿ ಎಂದು ಕೇಳಿದರೆ ತೋರಿಸಲು ಗುರುತು ಬೇಕಲ್ಲ. ಬಿಸಿಲಿಗೂ ಹೋಗದ, ಒಂದೆರಡು ಮಳೆಗೂ ಹೋಗದ ಗುರುತು ಅದು. ಆ ಬೊಟ್ಟು ಒಂದು ಸಲವೂ ತಪ್ಪಿದ್ದಿಲ್ಲ.

ಅಪ್ಪನೆಂದರೆ ವನಜಾಕ್ಷಿಗೆ ಜೀವ. ಆದರೆ ಒಂದು ಹಳೆಯ ಮುನಿಸು ಮಾತ್ರ ಒಳಗೆ ಎಲ್ಲೋ ಉಳಿದುಕೊಂಡಿತ್ತು, ಹೇಳಿಕೊಂಡರೆ ನಗುವಂಥದ್ದು. ಸಣ್ಣವಳಿದ್ದಾಗ ಶಾಲೆ ಬಿಡುವ ಹೊತ್ತಿಗೆ ಎಲ್ಲ ಮಕ್ಕಳ ಅಪ್ಪಂದಿರು, ಅವ್ವಂದಿರು ಗೇಟಿಗೇ ಬರುತ್ತಿದ್ದರು. ಅವಳಪ್ಪ ಮಾತ್ರ ಒಂದಿಷ್ಟು ಈಚೆಗೆ ತೆಂಗಿನ ಮರದ ಕೆಳಗೆ ನಿಂತಿರುತ್ತಿದ್ದ. ಅವಳೇ ನಡೆದುಕೊಂಡು ಅಲ್ಲಿಗೆ ಹೋಗಬೇಕು. ಹೋದ ಮೇಲೆ ಅವಳ ಪುಸ್ತಕದ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಳ್ಳುತ್ತಿದ್ದ, ಅದೇನೋ ನಿಜ. ಗೇಟಿಗೆ ಯಾಕೆ ಬರಲ್ಲ ಎಂದು ಅತ್ತು ಕೇಳಿದ ದಿನ, "ಇಲ್ಲಿ ನೆರಳೈತೆ ಕಣವ್ವ" ಎಂದಿದ್ದ. ನನಗಿಂತ ನೆರಳು ಹೆಚ್ಚಾಯಿತೇ ಎಂದು ಏಳು ವರ್ಷದ ಹುಡುಗಿ ಅವತ್ತು ಊಟ ಬಿಟ್ಟಿದ್ದಳು.

ಈ ವರ್ಷ ಏಪ್ರಿಲ್‌ನಲ್ಲಿ ಸದಾಶಿವಯ್ಯನವರ ಮಗಳು ಧನಲಕ್ಷ್ಮಿ ವನಜಾಕ್ಷಿಯ ಕಚೇರಿಗೆ ಬಂದಳು. ಸದಾಶಿವಯ್ಯ ತೀರಿಕೊಂಡ ಮೇಲೆ ಬಾರು ನಡೆಸುತ್ತಿರುವವಳು ಅವಳೇ. ಸನ್ನದನ್ನು ಅವಳ ಹೆಸರಿಗೆ ಮಾಡಿಸಿಕೊಟ್ಟವಳೂ ವನಜಾಕ್ಷಿಯೇ. ಧನಲಕ್ಷ್ಮಿ ಮೂರು ಸಲ ಕುರ್ಚಿ ಎಳೆದು ಕೂತು, ಮೂರು ಸಲ ಎದ್ದಳು.

"ರಸ್ತೆ ಅಗಲ ಮಾಡ್ತಾರಂತೆ ವನಜಕ್ಕ. ನಮ್ ಕಟ್ಟಡ ಪೂರ್ತಿ ಹೋಯ್ತದೆ. ಜೂನ್ ಮೂವತ್ತಕ್ಕೆ ಸನ್ನದಿನ ವರ್ಷ ಮುಗೀತದೆ. ಅಷ್ಟರಾಗೆ ಬೇರೆ ಜಾಗ ತೋರಿಸ್ದಿದ್ರೆ ನವೀಕರಣ ಎಲ್ಲಿಗೆ ಮಾಡ್ತಾರೆ?"

"ಎಷ್ಟು ಜನ ಇದ್ದಾರೆ ಈಗ ಕೆಲಸಕ್ಕೆ?"

"ಎಂಟು. ಅಡುಗೆ ಕರಿಯಪ್ಪಣ್ಣ ನಮ್ ಅಪ್ಪನ ಕಾಲದೋರು. ಅವರಿಗೆ ಈ ವಯಸ್ಸಿನಾಗೆ ಯಾರು ಕೆಲಸ ಕೊಡ್ತಾರೆ ಹೇಳು."

ವನಜಾಕ್ಷಿ ಆ ದಿನ ಬೈಯಲಿಲ್ಲ, ನೇರವಾಗಿ ಕಾಫಿ ತರಿಸಿದಳು. ಆಮೇಲೆ ಇಬ್ಬರೂ ಊರು ಸುತ್ತಿದರು. ಒಂದು ಕಟ್ಟಡ ಆಸ್ಪತ್ರೆಗೆ ಹತ್ತಿರ, ಇನ್ನೊಂದು ಗುಡಿಗೆ ಹತ್ತಿರ, ಮತ್ತೊಂದು ಎರಡಕ್ಕೂ ಹತ್ತಿರ. ಹೆದ್ದಾರಿಯ ಪಕ್ಕದಲ್ಲಿ ಬೇರೆಯದೇ ನಿಯಮ. ಸುತ್ತಿ ಸುತ್ತಿ, ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ಉಳಿದದ್ದು ಒಂದೇ ಕಟ್ಟಡ, ಹಿಂದೆ ಕೊಬ್ಬರಿ ಗೋದಾಮಾಗಿದ್ದುದು. ಬೀದಿಯ ತುದಿಯಲ್ಲಿ ಹಿಟ್ಟಿನ ಗಿರಣಿಯ ಮೂಲೆ ತಿರುಗಿದರೆ ಸರ್ಕಾರಿ ಪ್ರಾಥಮಿಕ ಶಾಲೆ, ವನಜಾಕ್ಷಿ ಓದಿದ ಶಾಲೆ. ಹೆಜ್ಜೆ ಲೆಕ್ಕದಲ್ಲಿ ನೂರು ಮೀಟರಿನ ಆಸುಪಾಸು. ಟೇಪು ಹಾಕದೆ ಹೇಳುವಂತಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ಮಗಳು ಟೇಪು ಹಿಡಿದು ಹೋದರು. ಧನಲಕ್ಷ್ಮಿಯೂ ಕರಿಯಪ್ಪನೂ ಗೋದಾಮಿನ ಬಾಗಿಲಲ್ಲಿ ಕಾಯುತ್ತಿದ್ದರು. ಕರಿಯಪ್ಪ ಆಗಲೇ ಒಳಗೆ ಹೋಗಿ ಒಲೆ ಎಲ್ಲಿ ಬರಬೇಕು, ಹೊಗೆ ಎಲ್ಲಿಂದ ಹೋಗಬೇಕು ಎಂದು ಗೋಡೆಗೆ ಕೈಯಿಟ್ಟು ನೋಡಿಕೊಂಡು ಬಂದಿದ್ದ.

"ಅಪ್ಪ, ನೀನು ಸ್ಕೂಲತ್ರ ಹೋಗಿ ನಿಂತ್ಕ. ನಾನು ಈ ಕಡೆ ಎಳ್ಕಂಡು ಬತ್ತೀನಿ."

ಸಣ್ಣತಿಮ್ಮಯ್ಯ ಟೇಪಿನ ತುದಿ ಹಿಡಿದು ಗಿರಣಿ ಮೂಲೆ ತಿರುಗಿದ. ಸ್ವಲ್ಪ ಹೊತ್ತಿಗೆ, "ಹಿಡ್ಕಂಡಿವ್ನಿ ಕಣವ್ವ" ಎಂಬ ದನಿ ಕೇಳಿಸಿತು. ಮೂಲೆಯ ಕಲ್ಲಿಗೆ ಟೇಪು ಒರಗುವಂತೆ ಮಾಡಿ, ಈಚೆಗೆ ಎಳೆದು ಬಂದು ವನಜಾಕ್ಷಿ ಐವತ್ತಕ್ಕೆ ಗೆರೆ ಹಾಕಿದಳು. ಮೂಲೆಯಾಚೆ ಅಪ್ಪ ಎಲ್ಲಿ ನಿಂತಿದ್ದಾನೆಂದು ಹೋಗಿ ನೋಡಲಿಲ್ಲ. ಹದಿನಾಲ್ಕು ವರ್ಷದಲ್ಲಿ ನೋಡಿದವಳೂ ಅಲ್ಲ. ಅಪ್ಪ ಬಂದು ಗೆರೆಯ ಮೇಲೆ ಸೊನ್ನೆ ಹಿಡಿದ. ಅಲ್ಲಿಂದ ಗೋದಾಮಿನ ಬಾಗಿಲ ನಡುವಿಗೆ ನಲವತ್ತಾರು ಮೀಟರು ನಲವತ್ತು ಸೆಂಟಿಮೀಟರು. ಒಟ್ಟು ತೊಂಬತ್ತಾರು ಚಿಲ್ಲರೆ.

ವನಜಾಕ್ಷಿ ಟೇಪನ್ನು ಸುತ್ತತೊಡಗಿದಳು. ಕರಿಯಪ್ಪನೇ ಮೊದಲು ಬಾಯಿಬಿಟ್ಟ.

"ಮೂರೂವರೆ ಮೀಟ್ರು ಅಂದ್ರೆ ನಮ್ ಅಡುಗೆಮನೆ ಅಗಲ ಕಣಮ್ಮ. ಯಾರು ನೋಡ್ತಾರೆ? ಟೇಪು ಒಸಿ ಸಡಿಲ ಬುಟ್ರೆ ಆಯ್ತು."

"ಸರ್ವೆಯೋರು ನೋಡ್ತಾರೆ ಕರಿಯಪ್ಪಣ್ಣ. ಅವರು ನೋಡ್ದಿದ್ರೂ ನಾನು ನೋಡಿದ್ದೀನಲ್ಲ."

ಸಣ್ಣತಿಮ್ಮಯ್ಯ ತನ್ನ ಹಳೆಯ ಜೊತೆಗಾರನ ಹೆಗಲ ಮೇಲೆ ಕೈಯಿಟ್ಟ. "ಅವಳು ಹೇಳೋದು ಸರಿ ಕಣ್ಲಾ ಕರಿಯ" ಎಂದ. ಅಷ್ಟು ಹೇಳುವಾಗ ಅವನ ಕಣ್ಣು ತುಂಬಿತ್ತು. ಧನಲಕ್ಷ್ಮಿ ಗೋದಾಮಿನ ಬೀಗ ಹಾಕಿ, ಬೀಗವನ್ನು ಒಂದು ಸಲ ಎಳೆದು ನೋಡಿ, "ಆಯ್ತು ಬುಡಕ್ಕ. ನೀನಾದ್ರೂ ಏನು ಮಾಡ್ತೀಯ" ಎಂದಳು. ದೂರಿದ್ದರೆ ವನಜಾಕ್ಷಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಆ ಬಾರಿನ ಸಂಬಳದಲ್ಲೇ ಅವಳ ಸ್ಲೇಟು ಬಳಪದಿಂದ ಹಿಡಿದು ಕಾನೂನು ಪುಸ್ತಕದವರೆಗೆ ಬಂದದ್ದು. ಅದರ ಬಾಗಿಲು ಮುಚ್ಚುವ ಮಾತನ್ನು ತನ್ನ ಬಾಯಿಂದಲೇ ಹೇಳಬೇಕಾಯಿತಲ್ಲ ಎಂದು ಎರಡು ದಿನ ಅವಳಿಗೆ ಅನ್ನ ರುಚಿಸಲಿಲ್ಲ.

ಆದರೂ ವಕೀಲಿ ಬುದ್ಧಿ ಸುಮ್ಮನಿರುತ್ತದೆಯೇ? ಗೋದಾಮಿನ ಬಾಗಿಲನ್ನು ಆ ಪಕ್ಕದ ಗೋಡೆಗೆ ತಿರುಗಿಸಿದರೆ ಹೇಗೆ ಎಂದು ಮಂಗಳವಾರ ರಾತ್ರಿ ಹೊಳೆಯಿತು. ಬಾಗಿಲು ಆಚೆಗೆ ಹೋದಷ್ಟೂ ದಾರಿ ಉದ್ದವಾಗುತ್ತದೆ, ಅದರಲ್ಲಿ ಕಾನೂನಿಗೆ ತಪ್ಪಿಲ್ಲ. ಬುಧವಾರ ಬೆಳಿಗ್ಗೆ ಕೋರ್ಟಿಗೆ ಹೋಗುವ ಮುಂಚೆ ನೋಡಿ ಬರೋಣವೆಂದು ಸ್ಕೂಟರು ತಿರುಗಿಸಿದಳು. ಆ ಪಕ್ಕದಲ್ಲಿ ನೋಡಿದರೆ ಬೇರೆಯವರ ತೋಟದ ಬೇಲಿ, ಒಬ್ಬ ಮನುಷ್ಯ ಅಡ್ಡ ನಡೆಯುವಷ್ಟೂ ಜಾಗವಿಲ್ಲ. ಅದೂ ಹೋಯ್ತು ಎಂದುಕೊಂಡು, ಬಂದ ದಾರಿಯಲ್ಲಿ ಹಿಂದಿರುಗಲು ಮನಸ್ಸಿಲ್ಲದೆ ಗಿರಣಿ ಮೂಲೆ ದಾಟಿ ಶಾಲೆಯ ಕಡೆಗೆ ಬಂದಳು.

ಮಕ್ಕಳು ಶಾಲೆಗೆ ಬರುವ ಹೊತ್ತು. ಗೇಟಿನಲ್ಲಿ ಅಪ್ಪಂದಿರ ಬೈಕು, ಅವ್ವಂದಿರ ಬುದ್ಧಿಮಾತು. ಸ್ಕೂಟರು ನಿಲ್ಲಿಸಿ ಗೇಟಿನ ಕಂಬಗಳನ್ನು ನೋಡಿದಳು. ಆಮೇಲೆ ನೆಲ ನೋಡಿದಳು. ಭಾನುವಾರವಷ್ಟೇ ಅಪ್ಪ ಇಟ್ಟಿರಬೇಕಾದ ಬೊಟ್ಟು ಎಲ್ಲೂ ಕಾಣಲಿಲ್ಲ. ಮಕ್ಕಳ ಕಾಲ್ತುಳಿತಕ್ಕೆ ಅಳಿಸಿರಬಹುದು ಎಂದು ತಿರುಗಿದಾಗ ಎದುರಿಗಿದ್ದ ತೆಂಗಿನ ಮರ ಕಣ್ಣಿಗೆ ಬಿತ್ತು. ಮರದ ಬುಡದಿಂದ ಒಂದು ಮೊಳ ಮೇಲೆ, ಬೆರಳಗಲದ ಬಿಳಿ ಬೊಟ್ಟು.

ಅವಳು ಹತ್ತಿರ ಹೋಗಿ ಅದನ್ನು ಮುಟ್ಟಿ ನೋಡಿದಳು. ಅಪ್ಪನ ಬೆರಳಿನದೇ ಗುರುತು, ಸುಣ್ಣದಲ್ಲಿ ಗೆರೆಗಳು ಕೂಡ ಮೂಡಿದ್ದವು. ತಲೆಯೆತ್ತಿ ನೋಡಿದರೆ ಮರ ನೆಟ್ಟಗೆ ಮುಗಿಲಿಗೆ ಹೋಗಿತ್ತು. ಅದರ ನೆರಳು ಎಲ್ಲೋ ರಸ್ತೆಯಾಚೆ ಬಿದ್ದಿತ್ತು. ತೆಂಗಿನ ಮರ ಬುಡದಲ್ಲಿ ನಿಂತವನಿಗೆ ಎಷ್ಟು ನೆರಳು ಕೊಡುತ್ತದೆಂದು ಈ ಸೀಮೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ನಲವತ್ತು ವರ್ಷದಿಂದ ತನಗೆ ಮಾತ್ರ ಹೊಳೆಯಲಿಲ್ಲವಲ್ಲ ಎಂದು ವನಜಾಕ್ಷಿಗೆ ನಾಚಿಕೆಯಾಯಿತು. ಕೋರ್ಟಿನಲ್ಲಿದ್ದ ಕೆಲಸವನ್ನು ಸಹೋದ್ಯೋಗಿಯೊಬ್ಬರಿಗೆ ಫೋನಿನಲ್ಲೇ ಒಪ್ಪಿಸಿ ಮನೆಗೆ ಬಂದಳು.

ಅಪ್ಪ ಜಗಲಿಯಲ್ಲಿ ಕೂತು ಎಲೆಯ ತೊಟ್ಟು ಮುರಿಯುತ್ತಿದ್ದ.

"ಅಪ್ಪ, ಭಾನುವಾರ ಟೇಪು ಎಲ್ಲಿ ಹಿಡ್ದಿದ್ದೆ?"

"ಸ್ಕೂಲತ್ರ."

"ಸ್ಕೂಲತ್ರ ಎಲ್ಲಿ?"

ಅವನು ಯೋಚಿಸಿದ. ಎಲೆ ಕೈಯಲ್ಲೇ ಉಳಿಯಿತು. "ನೀನು ಸ್ಕೂಲತ್ರ ಹೋಗಿ ನಿಂತ್ಕ ಅಂದೆ. ನಾನು ಹೋಗಿ ನಿಂತ್ಕಂಡೆ. ಯಾವಾಗ್ಲೂ ನಿಲ್ಲೋ ಜಾಗದಾಗೆ." ಅಷ್ಟಂದವನು ತಾನು ಅಂದದ್ದನ್ನು ತಾನೇ ಕೇಳಿಸಿಕೊಂಡವನಂತೆ ಗಾಬರಿಯಾದ. "ಅಯ್ಯೋ, ಮರದತ್ರ ಹಿಡ್ದೆ ಕಣವ್ವ. ಗೇಟು ಇನ್ನೂ ಆಚೆ ಐತೆ. ಎಂಥ ಕೆಲಸ ಮಾಡ್ದೆ ನಾನು."

"ಬೇರೆ ಯಾವ ಸ್ಕೂಲಲ್ಲೂ ನೀನು ಹಿಂಗೆ ಮಾಡ್ಲಿಲ್ಲ."

"ಬೇರೆ ಸ್ಕೂಲಲ್ಲಿ ನೀನು ಓದ್ಲಿಲ್ವಲ್ಲ."

ವನಜಾಕ್ಷಿ ಅವನ ಪಕ್ಕದಲ್ಲಿ ಕೂತಳು. ಕೂತು, ಏಳು ವರ್ಷದವಳಿದ್ದಾಗ ಕೇಳಿದ್ದನ್ನೇ ಮತ್ತೆ ಕೇಳಿದಳು. "ಗೇಟಿಗೆ ಯಾಕೆ ಬರ್ತಿರ್ಲಿಲ್ಲ ಅಪ್ಪ? ನೆರಳು ಅನ್ಬೇಡ."

ಸಣ್ಣತಿಮ್ಮಯ್ಯ ಎಲೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ಮೊದಮೊದಲು ಬಂದಿದ್ದೆ, ನಿಂಗೆ ನೆಪ್ಪಿಲ್ಲ. ಮಧ್ಯಾಹ್ನದ ಗಿರಾಕಿ ಮುಗಿಸ್ಕಂಡು, ಹಾಕಿದ ಬಟ್ಟೆಯಲ್ಲೇ ಓಡಿ ಬತ್ತಿದ್ದೆ. ನಾನು ಕುಡೀದಿದ್ರೇನು, ಬಟ್ಟೆ ಕುಡೀತದಲ್ಲ. ಮೇಜಿನ ಮೇಲೆ ಚೆಲ್ಲಿದ್ದೆಲ್ಲ ತೋಳಿಗೇ ಅಂಟ್ಕಳದು. ಒಂದಿನ ಒಬ್ಬ ಹೆಣ್ಮಗಳು ಮೂಗಿಗೆ ಸೆರಗು ಹಿಡ್ಕಂಡು, ತನ್ ಮಗೀನ ಈ ಪಕ್ಕದಿಂದ ಆ ಪಕ್ಕಕ್ಕೆ ಎಳ್ಕಂಡ್ಲು. ಅವಳ ತಪ್ಪಲ್ಲ ಬುಡು. ನಿನ್ ಗೆಳತೀರೂ ನಾಳೆ ನಿನ್ನ ಹಂಗೇ ಬುಟ್ಟು ಕೂತ್ಕಂಡ್ರೆ ಅಂತ ಹೆದರ್ಕಂಡೆ. ಬಾರಿನೋನು ಸ್ಕೂಲ್ ಗೇಟಿಗೆ ಬರಬಾರ್ದು ಅಂತ ನಾನೇ ಒಂದು ರೂಲು ಮಾಡ್ಕಂಡೆ. ಮರದತ್ರ ನಿಂತ್ರೆ ನೀನು ಬರೋದು ಕಾಣ್ತಿತ್ತು, ವಾಸನೆ ಗೇಟಿನ ತಂಕ ಹೋಗ್ತಿರ್ಲಿಲ್ಲ. ಸರ್ಕಾರ ನೂರು ಮೀಟ್ರು ಅಂತದೆ. ನಂಗೆ ಅಷ್ಟು ದೂರ ನಿಲ್ಲೋಕೆ ಮನಸ್ಸು ಬರ್ಲಿಲ್ಲ."

ವನಜಾಕ್ಷಿ ಅಪ್ಪನ ತೋಳನ್ನು ಹಿಡಿದು, ಅಂಗಿಗೆ ಮುಖ ಒತ್ತಿಕೊಂಡು ಅತ್ತಳು. ಅಂಗಿಯಲ್ಲಿ ಎಲೆ ಅಡಿಕೆಯ ವಾಸನೆ ಬಿಟ್ಟರೆ ಇನ್ನೇನೂ ಇರಲಿಲ್ಲ. "ಟೇಪು ತಪ್ಪು ಹಿಡಿದಿದ್ದಕ್ಕೆ ಹಿಂಗೆ ಅಳ್ತಾರಾ?" ಎಂದು ಅಪ್ಪ ತಲೆ ಸವರಿದ.

ಆ ದಿನವೇ ನಾಲ್ಕು ಗಂಟೆಗೆ ಮತ್ತೆ ಹೋದರು. ಈ ಸಲ ವನಜಾಕ್ಷಿ ಅಪ್ಪನ ಕೈ ಹಿಡಿದು ಗೇಟಿನ ತನಕ ನಡೆಸಿಕೊಂಡು ಹೋಗಿ, ಎರಡು ಕಂಬದ ನಡುಮಧ್ಯೆ ನಿಲ್ಲಿಸಿದಳು. ಅವನು ಚಪ್ಪಲಿ ಬಿಡಲು ಹೋದ. "ಇದು ಗುಡಿಯಲ್ಲಪ್ಪ" ಎಂದು ತಡೆದಳು. ಗೇಟಿನಿಂದ ಮರಕ್ಕೇ ಐದು ಮೀಟರು ಇಪ್ಪತ್ತು ಸೆಂಟಿಮೀಟರು ಬಂತು. ಅಷ್ಟಕ್ಕೇ ಲೆಕ್ಕ ಗೊತ್ತಾದರೂ ಅವಳು ನಂಬಲಿಲ್ಲ. ಒಂದೊಂದು ಗೆರೆಯನ್ನೂ ಹೊಸದಾಗಿ ಹಾಕುತ್ತಾ ಗೋದಾಮಿನ ಬಾಗಿಲ ತನಕ ಅಳೆದಳು. ನೂರ ಒಂದು ಮೀಟರು ಅರವತ್ತು ಸೆಂಟಿಮೀಟರು. ಮುಂದಿನ ವಾರ ಅಬಕಾರಿಯವರೂ ಸರ್ವೆಯವರೂ ಬಂದು ಅಳೆದಾಗಲೂ ಅಷ್ಟೇ ಬಂತು. ಜೂನ್ ಮುಗಿಯುವುದರೊಳಗೆ ಕರಿಯಪ್ಪನ ಒಲೆ ಅವನು ಹೇಳಿದ ಗೋಡೆಗೇ ಕೂತಿತು. ಆದರೆ ಅದೆಲ್ಲ ಆಮೇಲಿನ ಮಾತು. ಗೋದಾಮಿನ ಬಾಗಿಲಿಂದಲೇ ಮಾಡಿದ ಫೋನಿನಲ್ಲಿ ಅಂಕಿ ಕೇಳಿದ ಧನಲಕ್ಷ್ಮಿ, "ಇನ್ನೊಂದ್ಸಲ ಹೇಳಕ್ಕ" ಎಂದು ಮೂರು ಸಲ ಹೇಳಿಸಿಕೊಂಡಳು.

ಫೋನು ಇಟ್ಟಾಗ ಸಣ್ಣತಿಮ್ಮಯ್ಯ ಜೇಬು ತಡಕಾಡುತ್ತಿದ್ದ. "ಗೇಟಿಗೆ ಸುಣ್ಣ ಇಡೋದೇ ಮರ್ತೆ ಕಣವ್ವ. ಸರ್ವೆಯೋರು ಕೇಳಿದ್ರೆ?"

ಇಬ್ಬರೂ ತಿರುಗಿ ಗೇಟಿಗೆ ಬಂದರು. ಅವನು ಬಗ್ಗಿ ಗೇಟಿನ ನಡುವೆ, ಹೊಸ್ತಿಲ ಕಲ್ಲಿನ ಮೇಲೆ ಬೊಟ್ಟು ಇಟ್ಟು ಏಳುವಷ್ಟರಲ್ಲಿ ಬೆಲ್ಲು ಹೊಡೆಯಿತು. ಒಳಗಿನಿಂದ ಮಕ್ಕಳ ಗದ್ದಲ ಕೇಳಿಸಿದ್ದೇ ಅವನು ಮರದ ಕಡೆಗೆ ಹೆಜ್ಜೆ ಹಾಕಿದ. "ಮಕ್ಳು ಬರೋ ಹೊತ್ತು. ನಾನು ಅಲ್ಲಿರ್ತೀನಿ, ಬಾ."

"ಇಲ್ಲೇ ನಿಂತ್ಕ" ಎಂದಳು ವನಜಾಕ್ಷಿ, ಅವನ ಕೈ ಬಿಡದೆ.

ಮಕ್ಕಳು ಗುಂಪುಗುಂಪಾಗಿ ಹೊರಗೆ ಬಂದರು. ಅವನ ಎಡಕ್ಕೂ ಬಲಕ್ಕೂ ನುಸುಳಿದರು, ಪಂಚೆಗೆ ಚೀಲ ತಾಗಿಸಿಕೊಂಡು ಓಡಿದರು. ಯಾರೂ ಯಾರನ್ನೂ ಈ ಪಕ್ಕದಿಂದ ಆ ಪಕ್ಕಕ್ಕೆ ಎಳೆದುಕೊಳ್ಳಲಿಲ್ಲ. ಎರಡು ಜಡೆಯ ಒಂದು ಪುಟ್ಟ ಹುಡುಗಿ ಮಾತ್ರ ಅವನ ಮುಂದೆ ನಿಂತು, ತಲೆಯೆತ್ತಿ ನೋಡಿ ಕೇಳಿದಳು, "ಅಜ್ಜ, ಯಾರ್ನ ಕರ್ಕಂಡೋಗಕ್ಕೆ ಬಂದಿದ್ದೀಯ?"

ಸಣ್ಣತಿಮ್ಮಯ್ಯ ಐವತ್ತು ವರ್ಷದ ಮಗಳನ್ನು ತೋರಿಸಿ, "ಇವಳ್ನ" ಎಂದ.

ಹುಡುಗಿ ವನಜಾಕ್ಷಿಯ ಕಪ್ಪು ಕೋಟನ್ನೂ ನರೆಗೂದಲನ್ನೂ ನೋಡಿ, ಇರಬಹುದು ಎಂಬಂತೆ ತಲೆಯಾಡಿಸಿ ಹೊರಟುಹೋದಳು. ವನಜಾಕ್ಷಿ ಹೆಗಲಲ್ಲಿದ್ದ ಫೈಲಿನ ಚೀಲ ತೆಗೆದು ಅಪ್ಪನಿಗೆ ಕೊಟ್ಟಳು. ಅವನು ಏನೂ ಕೇಳದೆ ಅದನ್ನು ತನ್ನ ಹೆಗಲಿಗೆ ಹಾಕಿಕೊಂಡ.